ನಾನು ಸಾಮಾನಿನ ಪಟ್ಟಿಯಲ್ಲಿ ಬರುವವಳಲ್ಲ

ಮಗಳು ಕಳಿಸಿದ ಪಟ್ಟಿಯಲ್ಲಿ ನನ್ನ ಹೆಸರು 17ನೇ ಸಾಲಿನಲ್ಲಿತ್ತು. ಮೇಲಿನ ಸಾಲಿನಲ್ಲಿ ಗ್ಯಾಸ್ ಒಲೆ, ಕೆಳಗಿನದರಲ್ಲಿ ಮಳೆಯ ಹೊದಿಕೆ, ನಡುವೆ ಅಮ್ಮ. 'ಹೊರುವುದು' ಎಂಬ ಅಂಕಣದಲ್ಲಿ ನನ್ನ ಎದುರು 'ನೀರಿನ ಬಾಟಲಿ ಮಾತ್ರ' ಎಂದು ಬರೆದಿದ್ದಳು.

ನನಗೆ 62, ಅವಳಿಗೆ 34. ಇಬ್ಬರೇ ಬೆಟ್ಟಕ್ಕೆ ಹೋಗಿ ಎರಡು ರಾತ್ರಿ ಟೆಂಟ್ ಹಾಕಿಕೊಂಡು ಇರೋಣ ಎಂಬ ಮಾತು ಮೊದಲು ಬಂದದ್ದು ನನ್ನ ಬಾಯಿಂದ. ಅದು ಅವಳ ಮೊಬೈಲಿನಲ್ಲಿ ಪಟ್ಟಿಯಾಗಿ ಹಿಂದಿರುಗುವ ಹೊತ್ತಿಗೆ ನಾನು ಹೋಗುವವಳಲ್ಲ, ಕರೆದೊಯ್ಯಲ್ಪಡುವವಳು ಆಗಿಬಿಟ್ಟಿದ್ದೆ. ಸಿಟ್ಟು ಬಂತು. ಫೋನ್ ಮಾಡಿ, "ನನ್ನನ್ನೂ ಮಡಚಿ ಚೀಲದೊಳಗೆ ಇಡುತ್ತೀಯೋ ಹೇಗೆ?" ಎಂದು ಕೇಳಿದೆ. "ಅಮ್ಮಾ, ನಿನಗೆ ತೊಂದರೆ ಆಗಬಾರದು ಅಂತ ತಾನೇ?" ಎಂದಳು.

ಈ ಒಂದು ವಾಕ್ಯದ ಬಗ್ಗೆಯೇ ಇಷ್ಟು ಬರೆಯುತ್ತಿದ್ದೇನೆ. ದೊಡ್ಡವರಾದ ಮಕ್ಕಳೊಂದಿಗೆ ಬೆಟ್ಟ ಹತ್ತಲು ಹೊರಟ ತಂದೆತಾಯಿಯರನ್ನು ಕೆಡಿಸುವುದು ಇಳಿಜಾರಾಗಲೀ ಚಳಿಯಾಗಲೀ ಅಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರೀತಿಯ ಹೆಸರಿನಲ್ಲಿ ಇಬ್ಬರೂ ಹೇಳುವ ಸುಳ್ಳು ಅವೆರಡಕ್ಕಿಂತ ಹೆಚ್ಚು ಕೆಡಿಸುತ್ತದೆ. ಅವಳು ಹೇಳಿದ ಸುಳ್ಳುಗಳಿಗೆ ಬರುವ ಮುಂಚೆ ನನ್ನದನ್ನು ಒಪ್ಪಿಕೊಳ್ಳುತ್ತೇನೆ.

ನನ್ನ ಬಲ ಮಂಡಿ ಎರಡು ವರ್ಷದಿಂದ ಸರಿಯಿಲ್ಲ. ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ಮಾತಾಡುತ್ತದೆ. ಮನೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವುದನ್ನು ಮಗಳು ಬಂದಾಗ ಮಾತ್ರ ಬಿಟ್ಟುಬಿಡುತ್ತಿದ್ದೆ. ಗೊತ್ತಾದರೆ ಪ್ರವಾಸವೇ ರದ್ದಾಗುತ್ತದೆ ಎಂಬ ಭಯ. ಆದರೆ ಬೆಟ್ಟದಲ್ಲಿ ಮಂಡಿಯ ನಿಜವಾದ ಪರೀಕ್ಷೆ ನಡೆಯುವುದು ಇಳಿಯುವ ದಿನವೇ. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಆ ಶ್ರಮದ ನೋವು ಮಾರನೆಯ ದಿನವೋ ಅದರ ಮಾರನೆಯ ದಿನವೋ ಎದ್ದು ಕೂರುತ್ತದೆ. ಬಚ್ಚಿಟ್ಟ ಮಂಡಿ ಕೈಕೊಡುವುದು ಟೆಂಟಿಗೂ ರಸ್ತೆಗೂ ನಡುವೆ, ಮಗಳ ಬೆನ್ನ ಮೇಲೆ ಭಾರ ಇರುವ ಹೊತ್ತಿನಲ್ಲಿ. ಆಗ ನನ್ನ ಸ್ವಾಭಿಮಾನದ ಲೆಕ್ಕವನ್ನು ತೀರಿಸಬೇಕಾದವಳು ಅವಳು.

ಕೊನೆಗೆ ಹೇಳಿದೆ. ಅವಳು ಬೈಯಲಿಲ್ಲ, ರದ್ದೂ ಮಾಡಲಿಲ್ಲ. ವೈದ್ಯರಿಗೆ ತೋರಿಸಿಕೊಂಡು ಬಾ, ಎರಡು ಕೋಲು ಕೊಳ್ಳೋಣ, ಎಂಟು ವಾರ ಮೊದಲೇ ಮೆಟ್ಟಿಲು ಇಳಿಯುವ ಅಭ್ಯಾಸ ಶುರು ಮಾಡು ಎಂದಳು. ಗಮನಿಸಿ, ಇಳಿಯುವ ಅಭ್ಯಾಸ. ಬೆಟ್ಟಕ್ಕೆ ತಯಾರಾಗುವವರೆಲ್ಲ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಳಿಜಾರಿನಲ್ಲಿ ಎರಡೂ ಕೈಯಲ್ಲಿ ಕೋಲು ಊರಿದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಕೋಲು ಮುದುಕರಿಗೆ ಎಂದು ಮೂಗು ಮುರಿಯುವವರು ಇಪ್ಪತ್ತರ ಹರೆಯದ ಪರ್ವತಾರೋಹಿಗಳ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಲಿ.

ಇನ್ನು ಅವಳ ಸುಳ್ಳು. ಪಟ್ಟಿಯ ತೂಕವನ್ನೆಲ್ಲ ಕೂಡಿಸಿದರೆ ಸುಮಾರು 20 ಕಿಲೋ ಬಂತು. ಅದರಲ್ಲಿ 18 ಅವಳ ಬೆನ್ನಿಗೆ! ಅವಳ ತೂಕವೇ 60. ಮೈತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬೇಡಿ ಎಂದು ಚಾರಣಿಗರು ಸಾಮಾನ್ಯವಾಗಿ ಹೇಳುವ ಮಾತನ್ನು ಅವಳೇ ನನಗೆ ಹಿಂದೊಮ್ಮೆ ಹೇಳಿದ್ದಳು. ಆ ಲೆಕ್ಕಕ್ಕೆ ಅವಳ ಪಾಲು 12 ಕಿಲೋ. ಹೆಚ್ಚು ಕೆದಕಿದಾಗ ಇನ್ನೊಂದು ಹೊರಬಂತು: ಕಚೇರಿಯ ಕುರ್ಚಿಯಲ್ಲಿ ಕೂತೂ ಕೂತೂ ಅವಳ ಸೊಂಟ ಆರು ತಿಂಗಳಿಂದ ಹಿಡಿದುಕೊಂಡಿದೆ. ನನ್ನ ಮಂಡಿಯಷ್ಟೇ ಗುಟ್ಟಾಗಿ ಅವಳ ಸೊಂಟವೂ ಪ್ರಯಾಣಕ್ಕೆ ಸಿದ್ಧವಾಗಿತ್ತು. ಹೋಲಿಕೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಈಗ ನನ್ನ ಚೀಲ 8 ಕಿಲೋ, ಅವಳದು 12. ಹಂಚಿಕೊಳ್ಳುವುದರಲ್ಲೂ ಒಂದು ಲೆಕ್ಕವಿದೆ. ಆಹಾರವೆಲ್ಲ ಒಬ್ಬರ ಬಳಿ, ಬೆಚ್ಚನೆಯ ಬಟ್ಟೆಯೆಲ್ಲ ಇನ್ನೊಬ್ಬರ ಬಳಿ ಇರಬಾರದು. ಮಂಜು ಕವಿದು ಅರ್ಧ ಗಂಟೆ ಬೇರೆಯಾದರೂ ಪ್ರತಿಯೊಬ್ಬರ ಚೀಲದಲ್ಲಿ ನೀರು, ತಿನ್ನಲು ಏನಾದರೂ, ಒಂದು ಸ್ವೆಟರ್, ಮಳೆಯ ಕೋಟು, ದೀಪ, ಸೀಟಿ ಇರಬೇಕು. ಸೀಟಿಗೂ ಒಂದು ಭಾಷೆ ಇದೆ: ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಊದಿದರೆ ಆಲ್ಪ್ಸ್ ಪರ್ವತದವರ ರೂಢಿಯಲ್ಲಿ ಅದು ಸಹಾಯಕ್ಕಾಗಿ ಕೂಗು, ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಊದುತ್ತಾರೆ. ಅಡುಗೆಮನೆಯಲ್ಲಿ ನಿಂತು ಇಬ್ಬರೂ ಊದಿ ನೋಡಿದೆವು. ಪಕ್ಕದ ಮನೆಯವರು ಬಾಗಿಲು ತೆರೆದರು.

ದಾರಿಯ ಸಮಯದ ವಿಷಯದಲ್ಲಿ ನಮ್ಮಿಬ್ಬರಿಗೂ ನಿಜವಾಗಿ ಜಗಳವಾಯಿತು. 10 ಕಿಲೋಮೀಟರ್ ದಾರಿ, 900 ಮೀಟರ್ ಏರು. ಬೆಳಿಗ್ಗೆ 9ಕ್ಕೆ ಹೊರಟರೆ ಮಧ್ಯಾಹ್ನ 1ಕ್ಕೆ ತಲುಪುತ್ತೇವೆ ಎಂದು ಬರೆದಿದ್ದಳು. ಎಲ್ಲಿಂದ ಬಂತು ಈ ಲೆಕ್ಕ ಎಂದರೆ, ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರದಿಂದ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಮೂರೂವರೆ ಗಂಟೆ. ನನ್ನ ಮೇಲಿನ ಕರುಣೆಯಿಂದ ಅರ್ಧ ಗಂಟೆ ಸೇರಿಸಿದ್ದಳು. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಅದು ಗಟ್ಟಿಮುಟ್ಟಾದವರ ನಡಿಗೆಯ ಲೆಕ್ಕ. ಅದರಲ್ಲಿ ಶೂ ಲೇಸು ಬಿಚ್ಚಿ ಕಟ್ಟುವುದು, ನೀರು ಕುಡಿಯಲು ಕೂರುವುದು, ಹೂವು ಕಂಡಲ್ಲಿ ಅಮ್ಮ ನಿಲ್ಲುವುದು ಯಾವುದೂ ಇಲ್ಲ.

ಆದ್ದರಿಂದ ಒಂದು ಭಾನುವಾರ ಚೀಲ ಹೊತ್ತು ಅಳೆದೇ ನೋಡಿದೆವು. 4 ಕಿಲೋಮೀಟರ್, 300 ಮೀಟರ್ ಏರು. ಸೂತ್ರದ ಪ್ರಕಾರ 78 ನಿಮಿಷ. ನಾನು ತೆಗೆದುಕೊಂಡದ್ದು 140. ಅಂದರೆ ಸುಮಾರು 1.8 ಪಟ್ಟು. ಈ ಒಂದು ಅಂಕಿ ಕೈಗೆ ಸಿಕ್ಕಿದ್ದೇ ತಡ, ಜಗಳ ಮುಗಿಯಿತು. ಮೂರೂವರೆ ಗಂಟೆಯ ದಾರಿ ನಮಗೆ ಆರು ಗಂಟೆ ದಾಟುತ್ತದೆ. 9ಕ್ಕೆ ಹೊರಟರೆ ತಲುಪುವುದು ಮೂರೂಕಾಲರ ಮೇಲೆ. ಬೆಟ್ಟದಲ್ಲಿ ಗುಡುಗು ಮಿಂಚಿನ ಮೋಡಗಳು ಹೆಚ್ಚಾಗಿ ಕಟ್ಟಿಕೊಳ್ಳುವುದೇ ಮಧ್ಯಾಹ್ನದ ಮೇಲೆ. ಆ ಹೊತ್ತಿನಲ್ಲಿ ಬೋಳು ಏಣಿನ ಮೇಲೆ ಇರುವುದು ಧೈರ್ಯವಲ್ಲ, ಲೆಕ್ಕ ಬಾರದಿರುವಿಕೆ. ಹಾಗಾಗಿ ಮೊದಲ ದಿನದ ಬಿಡಾರವನ್ನು ಕೆಳಕ್ಕೆ ಇಳಿಸಿದೆವು: 6 ಕಿಲೋಮೀಟರ್, 600 ಮೀಟರ್ ಏರು, ನನ್ನ ಕಾಲಿನಲ್ಲಿ ನಾಲ್ಕು ಗಂಟೆ. 6ಕ್ಕೆ ಹೊರಡುವುದು. ಬೆಳಿಗ್ಗೆ ಏಳುವುದರಲ್ಲಿ ನಿಧಾನ ಯಾರೆಂಬುದು ಆ ದಿನ ಗೊತ್ತಾಗಲಿ.

ಆದರೆ ಬಿಡಾರ ಕೆಳಗಿಳಿದ ಕೂಡಲೇ ಮಗಳ ಮುಖವೂ ಇಳಿಯಿತು. "ಪರವಾಗಿಲ್ಲ ಅಮ್ಮಾ, ನನಗೆ ತುದಿ ಮುಖ್ಯವಲ್ಲ" ಎಂದಳು. ಮೂರನೆಯ ಸುಳ್ಳು. 34 ವರ್ಷದಿಂದ ನೋಡುತ್ತಿರುವ ಮುಖ, ನನಗೆ ಗೊತ್ತಾಗುವುದಿಲ್ಲವೇ? ಅವಳಿಗೆ ತುದಿ ಬೇಕು. ಬೇಕೆನ್ನಿಸಲಿ, ಬೇಡ ಎಂದವರು ಯಾರು? ಎರಡೂ ರಾತ್ರಿ ಟೆಂಟನ್ನು ಒಂದೇ ಜಾಗದಲ್ಲಿ ಬಿಡೋಣ, ನಡುವಿನ ದಿನ ಅವಳು ಹಗುರ ಚೀಲದಲ್ಲಿ ಬೆಳಗಿನ ಜಾವವೇ ತುದಿಗೆ ಹೋಗಿ ಬರಲಿ, ನಾನು ಟೆಂಟಿನ ಬಳಿ ಇರುತ್ತೇನೆ ಎಂದೆ. ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿಂದ ಹಿಂದಿರುಗಬೇಕು, ಎಷ್ಟು ಹೊತ್ತು ಮೀರಿದರೆ ನಾನು ಯಾರಿಗೆ ತಿಳಿಸಬೇಕು ಎಲ್ಲವನ್ನೂ ಕಾಗದದ ಮೇಲೆ ಬರೆದಿದ್ದೇವೆ. ತುದಿ ಎರಡು ಹೆಜ್ಜೆಯಷ್ಟು ದೂರವಿದ್ದರೂ ಆ ಗಂಟೆಗೆ ತಿರುಗಬೇಕು. ದಿನವೂ ಟೆಂಟ್ ಬಿಚ್ಚಿ, ಕಟ್ಟಿ, ಹೊತ್ತು ಇನ್ನೊಂದೆಡೆ ಹೂಡುವ ಯೋಜನೆಗಿಂತ ಇದು ನನ್ನಂಥವರಿಗೆ ನೂರು ಪಾಲು ಮೇಲು. ನನಗೂ ಮಗಳಿಲ್ಲದ ಒಂದು ಬೆಳಗು ಬೆಟ್ಟದಲ್ಲಿ ಬೇಕಿತ್ತು. ಅದನ್ನು ನಾನೂ ಹೇಳಿರಲಿಲ್ಲ.

ಎತ್ತರದ ವಿಷಯದಲ್ಲಿ ಅವಳು ಮೊದಲಿಂದಲೂ ನನ್ನ ಬಗ್ಗೆಯೇ ಚಿಂತೆ ಮಾಡುತ್ತಿದ್ದಳು. ನಾವು ಹೋಗುವ ಜಾಗ ಅಷ್ಟು ಎತ್ತರದ್ದಲ್ಲ, ಆದರೂ ಹೇಳುತ್ತೇನೆ. ಸಾಧಾರಣವಾಗಿ 2500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುವ ತಲೆನೋವು, ವಾಕರಿಕೆ, ತಲೆಸುತ್ತು ಪ್ರಾಯ ನೋಡಿ ಬರುವುದಿಲ್ಲ. ಜಿಮ್ಮಿನಲ್ಲಿ ಬೆವರು ಸುರಿಸಿದವರಿಗೂ ರಿಯಾಯಿತಿ ಇಲ್ಲ. ವೇಗವಾಗಿ ಏರುವವರಿಗೆ ಹೆಚ್ಚು ಕಾಡುತ್ತದೆ, ಅಂದರೆ ಸಿಕ್ಕಿಬೀಳುವ ಸಾಧ್ಯತೆ ಅವಳಿಗೇ ಒಂದು ಕೈ ಹೆಚ್ಚು. 3000 ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಲಕ್ಷಣ ಕಂಡರೆ ಮೇಲಕ್ಕೆ ಹೋಗಬಾರದು, ಹೆಚ್ಚಾದರೆ ಕೆಳಗಿಳಿಯಬೇಕು. ಇದಕ್ಕೂ ಬೇಕಾದದ್ದು 'ನನಗೆ ತಲೆ ನೋಯುತ್ತಿದೆ' ಎಂದು ಹೇಳುವ ಬಾಯಿ.

ಚಳಿಗೆ ಬರೋಣ. ಎತ್ತರ ಪ್ರತಿ 1000 ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಗಳು ನನಗೆಂದು ಆರಿಸಿದ್ದ ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಸೊನ್ನೆ ಡಿಗ್ರಿ ಎಂದಿತ್ತು. ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಅಂತರರಾಷ್ಟ್ರೀಯ ಮಾನದಂಡದ ಚೀಟಿಯಲ್ಲಿ ಮುಖ್ಯವಾಗಿ ಎರಡು ಅಂಕಿಗಳನ್ನು ನೋಡಬೇಕು. ಒಂದು ಹಾಯಾಗಿ ಮಲಗಲು, ಅದನ್ನು ಸರಾಸರಿ ಹೆಂಗಸಿನ ದೇಹಕ್ಕೆ ಲೆಕ್ಕ ಹಾಕುತ್ತಾರೆ. ಇನ್ನೊಂದು ಕೆಳಗಿನ ಮಿತಿ; ಸರಾಸರಿ ಗಂಡಸು ಮುದುರಿ ಮಲಗಿ ಹೇಗೋ ನಡುಗದೆ ರಾತ್ರಿ ಕಳೆಯುವ ಉಷ್ಣತೆ. ದೊಡ್ಡದಾಗಿ ಅಚ್ಚಾಗಿದ್ದ ಸೊನ್ನೆ ಎರಡನೆಯದು. ನಾನು ಯಾವ ಗಂಡಸಿನಂತೆಯೂ ಮುದುರಿ ಮಲಗುವುದಿಲ್ಲ, ಬದಲಾಯಿಸು ಎಂದೆ. ಕೆಳಗೆ ಹಾಸುವ ಚಾಪೆಗೂ ಅಷ್ಟೇ ಗಮನ ಬೇಕು. ಮೈಭಾರಕ್ಕೆ ಚೀಲದ ತುಪ್ಪುಳು ಅಪ್ಪಚ್ಚಿಯಾಗುವ ಕಡೆ ನೆಲ ಶಾಖವನ್ನು ಹೀರಿಕೊಳ್ಳುತ್ತದೆ. ಒಂದೇ ಟೆಂಟ್ ಸಾಕು, ಆದರೆ ಎರಡು ಬಾಗಿಲಿನದು. ರಾತ್ರಿ ಏಳುವವಳು ನಾನು. ಗೊರಕೆಯ ವಿಷಯ ಇಬ್ಬರೂ ಎತ್ತಿಲ್ಲ.

ರಾತ್ರಿ ಏಳಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಬಿಡುವುದು ನನ್ನ ಪ್ರಾಯದ ಬಹಳ ಹೆಂಗಸರ ಅಭ್ಯಾಸ. ಬಯಲಿನಲ್ಲಿ ಹೋಗಬೇಕೆಂಬ ಸಂಕೋಚಕ್ಕೆ ಹಗಲೂ ಬಿಡುತ್ತೇವೆ. ವಯಸ್ಸಾದಂತೆ ಬಾಯಾರಿಕೆಯೇ ಮಂಕಾಗುತ್ತದೆ, ಅದರ ಮೇಲೆ ಇದು ಬೇರೆ. ನಾನು ರಕ್ತದೊತ್ತಡದ ಮಾತ್ರೆ ನುಂಗುವವಳು. ನೀರು ಬಿಟ್ಟು ದಿನವಿಡೀ ಏರಿದರೆ ಏನಾಗಬಹುದೆಂದು ವೈದ್ಯರು ಚೆನ್ನಾಗಿಯೇ ತಿಳಿಸಿದರು. ಆದ್ದರಿಂದ ಶೌಚದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿಕೊಂಡೆವು: ಸಣ್ಣ ಗುದ್ದಲಿ, ನೀರಿನ ಸೆಲೆಯಿಂದಲೂ ದಾರಿಯಿಂದಲೂ ಕನಿಷ್ಠ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಬಳಸಿದ ಕಾಗದ ಚೀಲದಲ್ಲಿ ವಾಪಸ್. ಈ ಮಾತು ಮುಗಿದ ಮೇಲೆ ನನಗೆ ಎಷ್ಟು ಹಗುರವಾಯಿತೆಂದರೆ ಅರ್ಧ ಲೀಟರ್ ಹೆಚ್ಚು ನೀರನ್ನು ಯೋಜನೆಗೆ ನಾನೇ ಸೇರಿಸಿದೆ.

ಅಡುಗೆ ನನ್ನದು. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ. ಕಾಳು ಬೇಯಿಸುತ್ತ ಕೂರುವ ಆಸೆ ಇದ್ದವರು ಗ್ಯಾಸ್ ಹೊರಲು ಇನ್ನೊಬ್ಬರನ್ನು ಕರೆದುಕೊಂಡು ಹೋಗಲಿ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ತರುವುದಂತೂ ಕೂಡದು. ಬೆಂಕಿಯ ಅಪಾಯವಿದೆ, ಅದಕ್ಕಿಂತ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇದೆ. ಅಂಥ ರಾತ್ರಿ ಬೇಯಿಸದೆ ತಿನ್ನುವಂಥದ್ದು ಎರಡು ಹೊತ್ತಿಗೆ ಆಗುವಷ್ಟು ಇಟ್ಟಿದ್ದೇವೆ.

ಪಟ್ಟಿಯಲ್ಲಿ ಈಗ ನನ್ನ ಹೆಸರು ಮೇಲೆ ಅವಳ ಪಕ್ಕದಲ್ಲಿದೆ. ನನ್ನ ಹಟಕ್ಕೆ ಹೊಸ ಅಂಕಣವೊಂದು ಸೇರಿದೆ, ಹೆಸರು 'ಇನ್ನೂ ಹೇಳದಿರುವುದು'. ಯಾರು ಯಾವಾಗ ಬೇಕಾದರೂ ತುಂಬಬಹುದು, ಓದಿದವರು ತಿರುಗಿ ಬೈಯುವಂತಿಲ್ಲ. ವಾರವಿಡೀ ಅದು ಖಾಲಿ ಇತ್ತು. ಮೊನ್ನೆ ರಾತ್ರಿ 11ರ ಮೇಲೆ ತೆರೆದು ನೋಡಿದರೆ ಮಗಳ ಸಾಲಿನಲ್ಲಿ ಒಂದು ಮಾತು ಬಂದಿತ್ತು: 'ಟೆಂಟಿನೊಳಗೆ ಪೂರ್ತಿ ಕತ್ತಲೆ ಇದ್ದರೆ ಈಗಲೂ ನಿದ್ದೆ ಬರುವುದಿಲ್ಲ.'

ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ನನ್ನ ಚೀಲದ ಲೆಕ್ಕಕ್ಕೆ ಇನ್ನೊಂದು ಜೊತೆ ಬ್ಯಾಟರಿ ಸೇರಿಸಿ, ರಾತ್ರಿ ಅವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು ಎಂದು ಪಕ್ಕದಲ್ಲಿ ಬರೆದೆ.