ಅರ್ಜಿ ಮತ್ತೆ ಅದೇ ಮೇಜಿಗೆ

ಮನೆ ಮುಂದಿನ ಚರಂಡಿ ಒಡೆದು ಮೂರು ತಿಂಗಳಾಯಿತು. ಕಚೇರಿಗೆ ನಾಲ್ಕು ಸಲ ಅಲೆದು, ಕೊನೆಗೆ ಶಾಸಕರಿಗೇ ಮನವಿ ಕೊಟ್ಟೆ. ಅವರ ಆಪ್ತ ಸಹಾಯಕರು ಮೂಲೆಯಲ್ಲಿ 'ಸೂಕ್ತ ಕ್ರಮಕ್ಕಾಗಿ' ಎಂದು ಬರೆದು, ಸೀಲು ಒತ್ತಿ ಕಳಿಸಿದರು. ಎಲ್ಲಿಗೆ? ನಾನು ಯಾರ ಮೇಲೆ ದೂರು ಕೊಟ್ಟಿದ್ದೆನೋ ಅದೇ ಎಂಜಿನಿಯರ್ ಮೇಜಿಗೆ! ಹದಿನೈದು ದಿನ ಬಿಟ್ಟು ಹೋದರೆ ನನ್ನ ಕಾಗದ ಕಡತದಲ್ಲಿ ಅಂಚು ಮಡಚಿಕೊಂಡು ಹಾಗೇ ಬಿದ್ದಿತ್ತು. ಸೀಲಿನ ಶಾಯಿ ಪಕ್ಕದ ಹಾಳೆಗೂ ಅಂಟಿತ್ತು.

ಶಾಸಕರೇ ಬಂದು ಚರಂಡಿ ಕಟ್ಟಲಿ ಅಂತ ಯಾರೂ ಕೇಳುತ್ತಿಲ್ಲ. ಅವರ ಕೆಲಸ ಕಾನೂನು ಮಾಡುವುದು, ಬಜೆಟ್‌ಗೆ ಒಪ್ಪಿಗೆ ಕೊಡುವುದು, ಸರ್ಕಾರವನ್ನು ಪ್ರಶ್ನಿಸುವುದು, ಗೊತ್ತಿದೆ. ಆದರೆ ಆ ಪ್ರಶ್ನೆ ಹುಟ್ಟಬೇಕಾದದ್ದು ಇಂಥ ಅರ್ಜಿಗಳಿಂದಲೇ ಅಲ್ಲವೇ? ಒಂದೇ ಬಗೆಯ ದೂರು ಹತ್ತು ಮನೆಯಿಂದ ಬಂದರೆ ತಪ್ಪು ವ್ಯವಸ್ಥೆಯಲ್ಲೇ ಇದೆ ಎಂದರ್ಥ. ಅದನ್ನು ಸದನದಲ್ಲಿ ಕೇಳಿದರೆ ಮಂತ್ರಿಯ ಉತ್ತರ ದಾಖಲೆಗೂ ಸೇರುತ್ತದೆ. ಅಧಿಕಾರಿಗಳ ಮೇಲಿನ ದೂರು ಕೇಳಲೆಂದೇ ಸ್ವೀಡನ್ 1809ರಲ್ಲಿ ಸಂಸತ್ತಿನ ಕಡೆಯಿಂದ ಒಂಬುಡ್ಸ್‌ಮನ್ ಎಂಬ ಹುದ್ದೆ ಮಾಡಿತು. ಇಷ್ಟು ಹಳೆಯ ವಿಚಾರ ಇದು.

ನನಗೆ ಬೇಕಿರುವುದು ಅರ್ಜಿಗೊಂದು ನಂಬರು, ಕಳಿಸಿದ ಮೇಲೆ ಏನಾಯಿತೆಂದು ವಿಚಾರಿಸುವ ಒಂದು ಫೋನು. ಆಗಲ್ಲ ಅಂದರೆ ಆಗಲ್ಲ ಅನ್ನುವ ಎರಡು ಸಾಲಾದರೂ ಬರೆಯಲಿ. ನಾಳೆ ಮತ್ತೆ ಹೋಗುತ್ತೇನೆ, ಪಕ್ಕದ ಮನೆಯ ಅಜ್ಜಿಯ ಸಹಿಯನ್ನೂ ಹಾಕಿಸಿಕೊಂಡು. ಅವರು ದಿನಾ ಗೋಡೆ ಹಿಡಿದು, ಇಟ್ಟಿಗೆ ಮೇಲೆ ಕಾಲಿಟ್ಟು ಆ ನೀರು ದಾಟುತ್ತಾರೆ.