ಕೈ ಹಿಡಿದು ಬರೆಸಿದ ಅಕ್ಷರ ಯಾರದ್ದು?

ವಿಶೇಷ ಮಕ್ಕಳ ನೋಟ್‌ಬುಕ್ ಒಂದನ್ನು ತೆರೆದು ನೋಡಿ. ಪುಟದ ತುಂಬ ದುಂಡಗಿನ ಅ, ಆ, ಇ, ಈ. ಗೆರೆ ದಾಟಿಲ್ಲ, ಒತ್ತು ಹೆಚ್ಚುಕಮ್ಮಿ ಇಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ‘ಗುಡ್’, ಪಕ್ಕದಲ್ಲೊಂದು ನಕ್ಷತ್ರ. ಈಗ ಅದೇ ಮಗುವಿನ ಮುಂದೆ ಪೆನ್ಸಿಲ್ ಇಟ್ಟು ಸುಮ್ಮನೆ ಕುಳಿತುಕೊಳ್ಳಿ. ಪೆನ್ಸಿಲ್ ಉರುಳಿ ನೆಲಕ್ಕೆ ಬೀಳುತ್ತದೆ, ಅಷ್ಟೇ. ಪುಟದಲ್ಲಿದ್ದ ಅಕ್ಷರ ಮಗುವಿನದ್ದಲ್ಲ, ಟೀಚರದ್ದು. ನಕ್ಷತ್ರವನ್ನು ಟೀಚರ್ ತನಗೆ ತಾನೇ ಕೊಟ್ಟುಕೊಂಡದ್ದು.

ವಿಶೇಷ ಶಿಕ್ಷಕರ ಈ ಕೆಲಸದಲ್ಲಿ ನನಗಿರುವ ನಂಬಿಕೆಗಳೆಲ್ಲ ಈ ಒಂದು ಪುಟದ ಸುತ್ತಲೇ ಉಂಟು. ಕೈ ಹಿಡಿದು ಬರೆಸುವುದು ತಪ್ಪಲ್ಲ. ಎಷ್ಟು ಹಿಡಿದೆವು ಎಂದು ಬರೆಯದಿರುವುದು ತಪ್ಪು. ಎಂದು ಬಿಡುತ್ತೇವೆ ಎಂದು ಯೋಚಿಸದೇ ಹಿಡಿಯುವುದು ಅದಕ್ಕಿಂತ ದೊಡ್ಡ ತಪ್ಪು.

ಬರೆಯುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಪುಟದ ಅಂಚಿನಲ್ಲಿ ನಾಲ್ಕು ಗುರುತು ಸಾಕು. ಕೈ ಹಿಡಿದು ಮಾಡಿಸಿದರೆ ‘ಕೈ’, ಮಾಡಿ ತೋರಿಸಿದರೆ ‘ತೋ’, ಬಾಯಲ್ಲಿ ನೆನಪಿಸಿದರೆ ‘ಹೇ’, ತಾನಾಗಿ ಮಾಡಿದರೆ ‘ಸ್ವ’. ತಿಂಗಳ ಕೊನೆಗೆ ಲೆಕ್ಕ ಹಾಕಿ. ‘ಕೈ’ ಕಡಿಮೆಯಾಗಿ ‘ಹೇ’ ಹೆಚ್ಚಾಗಿದ್ದರೆ ಪಾಠ ನಡೆಯುತ್ತಿದೆ ಎಂದರ್ಥ. ಮೂರು ತಿಂಗಳಿಂದ ಬರೀ ‘ಕೈ’ ಇದ್ದರೆ ಮಗುವಿಗೆ ಬರುವುದಿಲ್ಲ ಎಂದಲ್ಲ, ನಮ್ಮ ಮೆಟ್ಟಿಲು ಎತ್ತರವಾಯಿತು ಎಂದು.

ಕೈ ಬಿಡುವುದಕ್ಕೂ ಒಂದು ಕ್ರಮ ಉಂಟು. ಮೊದಲು ಮಗುವಿನ ಬೆರಳಿನ ಮೇಲೆ ನಮ್ಮ ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ, ಕೊನೆಗೆ ಹೆಗಲ ಮೇಲೆ ಬರೀ ಒಂದು ಬೆರಳು. ಹಿಡಿಯುವಾಗ ಮಗುವಿನ ಹಿಂದೆ ನಿಲ್ಲಬೇಕು. ಎದುರು ಕುಳಿತರೆ ಅದು ಕೆಲಸ ನೋಡುವುದಿಲ್ಲ, ನಮ್ಮ ಮುಖ ನೋಡುತ್ತದೆ. ಹುಬ್ಬು ಏರಿದರೆ ತಪ್ಪು, ನಗು ಬಂದರೆ ಸರಿ ಎಂದು ಉತ್ತರವನ್ನು ನಮ್ಮ ಮುಖದಲ್ಲೇ ಓದಿಬಿಡುತ್ತದೆ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಜೋರು, ಮಾರಾಯ್ರೆ.

ಇನ್ನೊಂದು, ಕಾಯುವುದು. ಒಂದು ಮಾತು ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಎಷ್ಟೋ ಮಕ್ಕಳಿಗೆ ಕೈ ಏಳಬೇಕಾದರೇ ಅಷ್ಟು ಹೊತ್ತು ಬೇಕು. ನಾವೋ, ಎರಡು ಸೆಕೆಂಡಿಗೆ ‘ತೆಗಿ’, ಮತ್ತೆ ‘ತೆಗಿ’, ಮತ್ತೆ ‘ತೆಗಿ ಅಂದೆನಲ್ಲ’. ಪ್ರತಿ ಸಲ ಮಗು ಮೊದಲಿಂದ ಕೇಳಿಸಿಕೊಳ್ಳಬೇಕಾಗುತ್ತದೆ. ಮೂರನೇ ಸಲ ಹೇಳಿದ್ದೇ ನಿಜವಾದ ಮಾತು ಎಂದು ಕಲಿತುಕೊಂಡರೆ ಅದು ಅದರ ತಪ್ಪೇ?

ಒಂದು ಚಡ್ಡಿ ಹಾಕುವ ಪಾಠವನ್ನೇ ತೆಗೆದುಕೊಳ್ಳಿ. ಹೊರಗಿನಿಂದ ನೋಡಿದರೆ ಒಂದೇ ಕೆಲಸ. ಬಿಡಿಸಿದರೆ ಎಂಟು: ಲೇಬಲ್ ಇರುವ ಬದಿ ಹಿಂದೆ ಬರುವಂತೆ ಹಿಡಿಯುವುದು, ಸ್ಟೂಲಿನ ಮೇಲೆ ಕುಳಿತುಕೊಳ್ಳುವುದು, ಒಂದು ಕಾಲು, ಇನ್ನೊಂದು ಕಾಲು, ಮೊಣಕಾಲಿನವರೆಗೆ ಎಳೆಯುವುದು, ಎದ್ದು ನಿಲ್ಲುವುದು, ತೊಡೆಯವರೆಗೆ ಎಳೆಯುವುದು, ಹಿಂದಿನಿಂದ ಸೊಂಟಕ್ಕೆ ಏರಿಸುವುದು. ಕಲಿಸುವುದು ಕೊನೆಯಿಂದ. ಏಳನ್ನೂ ನಾವು ಮಾಡಿ, ಎಂಟನೆಯದನ್ನು ಮಾತ್ರ ಮಗುವಿಗೆ ಬಿಡಬೇಕು. ಆಗ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ. ಎಂಟು ಗಟ್ಟಿಯಾದ ಮೇಲೆ ಏಳು ಮತ್ತು ಎಂಟು, ಹೀಗೆ ಹಿಂದಕ್ಕೆ. ಮೊದಲ ಹೆಜ್ಜೆಯಿಂದ ಶುರು ಮಾಡಿದರೆ ಮಗು ಕಾಲು ತೂರಿಸುವಷ್ಟರಲ್ಲಿ ಸೋತುಹೋಗುತ್ತದೆ, ಉಳಿದದ್ದನ್ನು ನಾವು ಗಡಿಬಿಡಿಯಲ್ಲಿ ಎಳೆದು ಮುಗಿಸುತ್ತೇವೆ, ಮುಗಿಸಿದ ಖುಷಿ ಅದಕ್ಕೆ ಸಿಗುವುದೇ ಇಲ್ಲ.

ಎಲ್ಲಿ ಕೆಡುತ್ತದೆ? ಎಂಟನೆಯ ಹೆಜ್ಜೆಯಲ್ಲಿ. ಮುಂದಿನಿಂದ ಎಳೆದು ಹಿಂದೆ ಬಿಟ್ಟುಬಿಡುತ್ತವೆ, ಯಾಕೆಂದರೆ ಹಿಂಬದಿ ಕಣ್ಣಿಗೆ ಕಾಣುವುದಿಲ್ಲ. ಸೊಂಟದ ಪಟ್ಟಿಯ ಹಿಂಬದಿಗೆ ಹೆಬ್ಬೆರಳು ಹೋಗುವಷ್ಟು ದೊಡ್ಡ ಬಟ್ಟೆಯ ಕುಣಿಕೆ ಹೊಲಿದುಕೊಡಿ, ಹೆಬ್ಬೆರಳಿಗೆ ಹಿಡಿತ ಸಿಗುತ್ತದೆ. ಕಲಿಯುವ ಚಡ್ಡಿ ಎರಡು ಸೈಜು ದೊಡ್ಡದಿರಲಿ, ಇಲಾಸ್ಟಿಕ್ ಸಡಿಲವಿರಲಿ. ನಮ್ಮ ಕರಾವಳಿಯಲ್ಲಿ ಇನ್ನೊಂದು ರಗಳೆ ಉಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಪೂರ್ತಿ ಒಣಗುವುದಿಲ್ಲ. ಅರೆಒಣಗಿದ ಬಟ್ಟೆ ಒದ್ದೆ ತೊಡೆಗೆ ಅಂಟಿ ಮೇಲೇರುವುದಿಲ್ಲ, ಮಗು ಸಿಟ್ಟಿನಿಂದ ಬಿಸಾಡುತ್ತದೆ. ನಾವು ‘ಮಳೆಗಾಲದ ರಜೆಯಲ್ಲಿ ಕಲಿತದ್ದೆಲ್ಲ ಮರೆತಿದೆ’ ಎಂದು ಬರೆಯುತ್ತೇವೆ. ಮರೆತಿಲ್ಲ. ಟವೆಲಿನಲ್ಲಿ ಕಾಲು ಒರೆಸಿಕೊಳ್ಳುವುದನ್ನು ಇನ್ನೊಂದು ಹೆಜ್ಜೆಯಾಗಿ ಎಲ್ಲಕ್ಕಿಂತ ಮೊದಲು ಸೇರಿಸಬೇಕಿತ್ತು, ಅಷ್ಟೇ.

ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆಯ ಬಗ್ಗೆ ಹೇಳಿ ಸುಖ ಇಲ್ಲ. ಅದರಲ್ಲಿ ಬರೆಯುವ ಗುರಿಗಳು ‘ಸಂಖ್ಯಾಜ್ಞಾನ ಬೆಳೆಸುವುದು’, ‘ಸಾಮಾಜಿಕ ಕೌಶಲ ವೃದ್ಧಿಸುವುದು’. ಹೆಸರು ಬದಲಾಯಿಸಿದರೆ ಯಾವ ಮಗುವಿಗೂ ಹೊಂದುತ್ತದೆ. ಗುರಿ ಎಂದರೆ ಹೀಗಿರಬೇಕು: ‘ಊಟದ ಹೊತ್ತಿಗೆ ಆರು ತಟ್ಟೆ ತಾ ಎಂದು ಒಂದೇ ಸಲ ಹೇಳಿದಾಗ, ಬೇರೆ ಸಹಾಯವಿಲ್ಲದೆ, ವಾರದ 5 ದಿನಗಳಲ್ಲಿ 4 ದಿನ ಸರಿಯಾಗಿ ಆರು ತಟ್ಟೆ ತರುವುದು.’ ಇದನ್ನು ಹೊಸ ಟೀಚರ್ ಓದಿದರೂ ಆಯಿತೋ ಇಲ್ಲವೋ ಎಂದು ಹೇಳಬಲ್ಲರು. ಗುರಿ ಬರೆಯುವ ಮೊದಲು ಮೂರು ದಿನ ಏನೂ ಕಲಿಸದೆ ಸುಮ್ಮನೆ ನೋಡಿ, ಈಗ ಎಷ್ಟು ತರುತ್ತದೆ ಎಂದು ಬರೆದಿಡಿ. ಅದಿಲ್ಲದೆ ಅಕ್ಟೋಬರಿನಲ್ಲಿ ‘ಸುಧಾರಣೆ ಕಂಡಿದೆ’ ಎಂದು ಬರೆದರೆ ಯಾವುದಕ್ಕಿಂತ ಸುಧಾರಣೆ? ಅರ್ಧ ವರ್ಷಕ್ಕೆ ನಾಲ್ಕೈದು ಗುರಿ ಸಾಕು. ಇಪ್ಪತ್ತು ಬರೆದವರು ಒಂದನ್ನೂ ಅಳೆದಿರುವುದಿಲ್ಲ.

ಇನ್ನು ಭಾಷೆ. ಇದು ನಮ್ಮ ಊರಿನದ್ದೇ ಸಮಸ್ಯೆ, ಬೆಂಗಳೂರಿನ ತರಬೇತಿ ಪುಸ್ತಕದಲ್ಲಿ ಸಿಗುವುದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಥೆರಪಿ ಕೋಣೆಯಲ್ಲಿ ಇಂಗ್ಲಿಷ್, ಮೊಬೈಲಿನಲ್ಲಿ ಹಿಂದಿ ಕಾರ್ಟೂನ್. ಹದಿನೈದು ಶಬ್ದ ಮಾತ್ರ ಇರುವ ಮಗುವಿಗೆ ನೀರಿಗೇ ಮೂರು ನಾಲ್ಕು ಹೆಸರು. ಆಗ ಕೆಲವರು ಅಪ್ಪ ಅಮ್ಮನಿಗೆ ‘ಮನೆಯಲ್ಲಿ ತುಳು ನಿಲ್ಲಿಸಿ, ಬರೀ ಇಂಗ್ಲಿಷ್ ಮಾತಾಡಿ’ ಎಂದು ಹೇಳಿಬಿಡುತ್ತಾರೆ. ಇದನ್ನು ನಾನು ಒಪ್ಪುವುದೇ ಇಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂದು ಸಂಶೋಧನೆಗಳು ತೋರಿಸಿಲ್ಲ. ಬರದ ಇಂಗ್ಲಿಷಿನಲ್ಲಿ ಅಜ್ಜಿ ಮಗುವಿನ ಹತ್ತಿರ ಎಂತ ಮಾತಾಡಿಯಾರು? ಮಾತೇ ನಿಂತುಹೋಗುತ್ತದೆ. ಬದಲಿಗೆ ಹತ್ತು ದಿನನಿತ್ಯದ ಮಾತುಗಳನ್ನು, ಬಾ, ಕುಳಿತುಕೋ, ನೀರು, ಬೇಕು, ಬೇಡ, ಇಂಥವನ್ನು ಮನೆಯವರೂ ಶಾಲೆಯವರೂ ಕುಳಿತು ಒಂದೊಂದೇ ಶಬ್ದಕ್ಕೆ ಒಪ್ಪಂದ ಮಾಡಿಕೊಳ್ಳಬೇಕು. ಆ ಶಬ್ದ ತುಳುವಿನದ್ದಾದರೆ ಟೀಚರೂ ತುಳುವಲ್ಲೇ ಹೇಳಲಿ.

ಮಾತಿಲ್ಲದ ಮಗುವಿಗೆ ಚಿತ್ರದ ಕಾರ್ಡು ಶುರು ಮಾಡುವಾಗ ನಾವು ಮೊದಲು ಕೊಡುವುದು ‘ನಮಸ್ತೆ’. ನೋಡಲು ಬಂದವರಿಗೆ ಅದು ಚಂದ. ಮಗುವಿಗೆ ಮೊದಲು ಬೇಕಾದದ್ದು ‘ಬೋಡು’ ಮತ್ತು ‘ಬೊಡ್ಚಿ’, ತುಳುವಿನ ಬೇಕು ಮತ್ತು ಬೇಡ. ಅದರಲ್ಲೂ ‘ಬೊಡ್ಚಿ’ ಮೊದಲ ವಾರವೇ ಬೇಕು, ಮತ್ತು ಮಗು ಆ ಕಾರ್ಡು ತೋರಿಸಿದಾಗ ನಾವು ಕೆಲಸವನ್ನು ನಿಜವಾಗಿಯೂ ಒಂದು ನಿಮಿಷ ನಿಲ್ಲಿಸಬೇಕು. ತಟ್ಟೆ ಬಿಸಾಡುವುದು, ಕೈ ಕಚ್ಚಿಕೊಳ್ಳುವುದು, ನೆಲಕ್ಕೆ ಉರುಳುವುದು, ಇದರಲ್ಲಿ ಅರ್ಧಕ್ಕರ್ಧ ಬಾಯಿ ಇಲ್ಲದ ‘ಬೊಡ್ಚಿ’ ಎಂದೇ ನನ್ನ ಅಭಿಪ್ರಾಯ.

ಅಭಿಪ್ರಾಯ ಸಾಲದು, ಬರೆದು ನೋಡಬೇಕು. ಒಂದು ಹಾಳೆಯಲ್ಲಿ ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಗಂಟೆ ಸಹಿತ. ಎರಡು ವಾರ ಬರೆದರೆ ತಾನಾಗಿ ಕಾಣುತ್ತದೆ. ತಟ್ಟೆ ಬಿಸಾಡಿದ ಪ್ರತಿ ಸಲವೂ ‘ಹೊರಗೆ ಹೋಗಿ ನಿಲ್ಲು’ ಎಂದಿದ್ದರೆ, ಶಿಕ್ಷೆ ಕೊಟ್ಟೆವೆಂದು ನಾವು, ಬಿಡುಗಡೆ ಸಿಕ್ಕಿತೆಂದು ಮಗು. ‘ಸಿಟ್ಟಿನ ಹುಡುಗ’ ಎಂದು ಬರೆಯಬೇಡಿ. ‘11.20ಕ್ಕೆ ಪಕ್ಕದ ಕೋಣೆಯಲ್ಲಿ ಸ್ಕೂಲ್ ಡೇಗೆ ತಾಸೆ ವಾದ್ಯ ಬಡಿಯಲು ಶುರು ಮಾಡಿದರು, ಕಿವಿ ಮುಚ್ಚಿದ, ಪುಸ್ತಕ ಎಸೆದ’ ಎಂದು ಬರೆಯಿರಿ. ಚೆಂಡೆ, ಗರ್ನಾಲು ಪಟಾಕಿ, ಹುಲಿವೇಷದ ತಾಸೆ ನಮಗೆ ಮೈ ನವಿರೇಳಿಸುವ ಸದ್ದು. ಕೆಲವು ಮಕ್ಕಳಿಗೆ ಅದು ನಿಜವಾದ ನೋವು. ಇನ್ನೊಂದು ಎಚ್ಚರಿಕೆ: ಕಿರುಚಿದಾಗಲೆಲ್ಲ ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಿರುಚಾಟ ಹೆಚ್ಚೇ ಆಗುತ್ತದೆ. ಅದು ಗೊತ್ತಿಲ್ಲದ ಮನೆಯವರು ಮೂರನೇ ದಿನ ಸೋತು ಕೊಡುತ್ತಾರೆ, ಮಗು ಇನ್ನೂ ಜೋರಾಗಿ ಕಿರುಚಬೇಕೆಂದು ಕಲಿಯುತ್ತದೆ. ಶುರು ಮಾಡುವ ಮೊದಲೇ ಹೇಳಿಡಬೇಕು. ಜೊತೆಗೆ, ಬಿಸ್ಕತ್ತು ಕೇಳುವ ಬೇರೆ ದಾರಿಯನ್ನು ಮೊದಲು ಕಲಿಸಿರಬೇಕು.

ಶಾಲೆಯೊಳಗೆ ಬಂದದ್ದು ಹೊರಗೂ ಬರುತ್ತದೆ ಎಂದು ನಂಬುವುದು ನಮ್ಮ ದೊಡ್ಡ ಭ್ರಮೆ. ತರಗತಿಯಲ್ಲಿ ಪ್ಲಾಸ್ಟಿಕ್ ನಾಣ್ಯದಲ್ಲಿ ಬಸ್ ಟಿಕೆಟ್ ಆಟ ಆಡಿಸಿ, ‘ಎಲ್ಲಿಗೆ?’ ಎಂದು ಕೇಳಿ, ‘ಸ್ಟೇಟ್ ಬ್ಯಾಂಕ್’ ಎಂದು ಮಂಗಳೂರಿನ ಬಸ್ ನಿಲ್ದಾಣದ ಹೆಸರು ಹೇಳಿಸಿ, ಪಾಸ್ ಎಂದು ಬರೆಯುತ್ತೇವೆ. ನಿಜವಾದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಬಾಯಲ್ಲೇ ಇಟ್ಟುಕೊಂಡು, ಮುಖವನ್ನೂ ನೋಡದೆ ತುಳುವಿನಲ್ಲಿ ‘ಓಡೆಗ್?’ ಎನ್ನುತ್ತಾರೆ, ಎಲ್ಲಿಗೆ ಎಂದರ್ಥ. ಮಗು ಸುಮ್ಮನೆ ನಿಲ್ಲುತ್ತದೆ. ಅದಕ್ಕೆ ಆ ಪ್ರಶ್ನೆಯನ್ನು ಯಾರೂ ಕಲಿಸಿಲ್ಲ. ಆದ್ದರಿಂದ ನಿಜವಾದ ನಾಣ್ಯ, ನಿಜವಾದ ಬಸ್, ಎರಡೂ ಭಾಷೆಯ ಪ್ರಶ್ನೆ. ಲೆಕ್ಕ ಬಾರದ ಮಗುವಿಗೆ ಚಿಕ್ಕ ಪರ್ಸಿನಲ್ಲಿ ಸರಿಯಾದ ಚಿಲ್ಲರೆ ಮಾತ್ರ ಹಾಕಿ ಪೂರ್ತಿ ಪರ್ಸ್ ಖಾಲಿ ಮಾಡಿ ಕೊಡಲು ಕಲಿಸಬಹುದು. ಹತ್ತು ಹತ್ತಾಗಿ ಎಣಿಸಲು ಬರುವ ಮಗುವಿಗೆ ದರಕ್ಕಿಂತ ಮೇಲಿನ ಹತ್ತು ಕೊಡಲು, ಅಂದರೆ 17 ಎಂದರೆ 20 ಕೊಡಲು ಕಲಿಸಿದರೆ ಸಾಕು. ಇಳಿಯುವ ಸ್ಟಾಪಿಗೆ ಅಂಗಡಿಯ ಬೋರ್ಡು ಗುರುತು ಮಾಡಬೇಡಿ. ಬೋರ್ಡು ಬದಲಾಗುತ್ತದೆ, ಮಳೆಗೆ ಬಸ್ಸಿನ ಟರ್ಪಾಲು ಇಳಿಸಿದರೆ ಕಾಣುವುದೂ ಇಲ್ಲ. ಸ್ಟಾಪಿನ ಹೆಸರು ಬರೆದು ಕಂಡಕ್ಟರಿಗೆ ತೋರಿಸುವ ಚೀಟಿಯೂ ಜೊತೆಗಿರಲಿ.

ಮನೆಗೆ ಕೊಡುವ ಕೆಲಸದಲ್ಲೂ ಸ್ವಲ್ಪ ನಾಚಿಕೆ ಬೇಕು ನಮಗೆ. ಬೀಡಿ ಕಟ್ಟಿ ಸಂಸಾರ ನಡೆಸುವ ಅಮ್ಮನಿಗೆ ‘ದಿನಕ್ಕೆ ಒಂದು ಗಂಟೆ ಆಕ್ಟಿವಿಟಿ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟು, ಮುಂದಿನ ಸಲ ‘ಅಮ್ಮ ಸಹಕರಿಸುತ್ತಿಲ್ಲ’ ಎಂದು ಬರೆಯುವುದು ನ್ಯಾಯವಲ್ಲ. ಹೇಗೂ ಮಾಡುವ ಕೆಲಸದೊಳಗೆ ಒಂದೇ ಒಂದನ್ನು ಸೇರಿಸಿ. ಗಂಜಿ ಬಡಿಸುವ ಮೊದಲು ಎರಡು ತಟ್ಟೆ ತರಿಸಿ, ಅಷ್ಟೇ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಪಾಲಕರು ಅದನ್ನು ಕೇಳಿದರೆ ಸಿಟ್ಟು ಮಾಡಿಕೊಳ್ಳಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಉಂಟು. ಮಾಮೂಲಿ ಶಾಲೆಗಳಲ್ಲಿ ಪ್ರಾಥಮಿಕ ಹಂತಕ್ಕೆ 10 ವಿಶೇಷ ಮಕ್ಕಳಿಗೊಬ್ಬರು, ಅದರ ಮೇಲೆ 15 ವಿಶೇಷ ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ನಿಮ್ಮ ಊರಿನ ಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆ, ಎಣಿಸಿ. ಪರೀಕ್ಷೆಗೆ ಲಿಪಿಕಾರರನ್ನು, ಅಂದರೆ ಹೇಳಿದ ಉತ್ತರ ಬರೆದುಕೊಡುವವರನ್ನು, ಕೇಳಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆದರೆ ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಲಿಪಿಕಾರರನ್ನು ಹುಡುಕಿದರೆ ಉಪಯೋಗವಿಲ್ಲ. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದೂ ಒಂದು ವಿದ್ಯೆ, ಅಲ್ಪವಿರಾಮ ಸಹಿತ. ಎಂಟನೇ ತರಗತಿಯಲ್ಲೇ ಶುರು ಮಾಡಬೇಕು.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಶಾಲೆಗಳಲ್ಲೂ ಇನ್ನೂ ನಿಂತಿಲ್ಲ. ಒಂದು ಬದಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಮತ್ತೊಂದು, ಯಾರೂ ಬಾಯಿ ಬಿಡದ ವಿಷಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕಿದರೆ ಮುಖ್ಯೋಪಾಧ್ಯಾಯರಿಗೆ ಹೇಳಿದೆ ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸುವ ಹೊಣೆ ಗೊತ್ತಾದ ಪ್ರತಿಯೊಬ್ಬರದ್ದು. ಮಕ್ಕಳ ಸಹಾಯವಾಣಿ 1098 ನೆನಪಿರಲಿ. ಇದೇ ಕಾರಣಕ್ಕೆ ದೇಹದ ಭಾಗಗಳ ಹೆಸರನ್ನು ಮಗುವಿನ ಮನೆಭಾಷೆಯಲ್ಲಿ, ಸರಿಯಾದ ಹೆಸರಿನಲ್ಲಿ ಕಲಿಸಬೇಕು, ಮಾತಿಲ್ಲದವರಿಗೆ ಚಿತ್ರದಲ್ಲಿ. ಮುದ್ದಿನ ಅಡ್ಡಹೆಸರು ಠಾಣೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

‘ಎಷ್ಟು ತಿಂಗಳಲ್ಲಿ ಸರಿಯಾಗುತ್ತದೆ ಟೀಚರ್?’ ಎಂದು ಅಪ್ಪ ಅಮ್ಮ ಕೇಳಿಯೇ ಕೇಳುತ್ತಾರೆ. ‘ಆರು ತಿಂಗಳು’ ಎನ್ನುವವರಿಗೆ ಊರಿನಲ್ಲಿ ಗಿರಾಕಿಗಳು ಹೆಚ್ಚು. ಆಟಿಸಂ ಗುಣವಾಗುವ ಜ್ವರವಲ್ಲ. ‘ಮುಂದಿನ ದಸರಾ ರಜೆಯೊಳಗೆ ತಾನೇ ಚಡ್ಡಿ ಹಾಕಿಕೊಳ್ಳಬಹುದು, ಈಗ ಎಂಟರಲ್ಲಿ ಮೂರು ಹೆಜ್ಜೆ ಬಂದಿದೆ’ ಎಂದು ಹಾಳೆ ತೋರಿಸಿ ಹೇಳುವುದಷ್ಟೇ ನಮ್ಮ ಅಧಿಕಾರ.

ಮಗು ಬೇರೆ ತರಗತಿಗೋ ಬೇರೆ ಶಾಲೆಗೋ ಹೋಗುವಾಗ ಫೈಲಿನ ಮೇಲೆ ಒಂದು ಹಾಳೆ ಇರಲಿ. ಐಕ್ಯೂ ಬೇಡ, ಅದು ಒಳಗೆ ಇದ್ದೇ ಇರುತ್ತದೆ. ನೀರಿಗೆ ಏನೆನ್ನುತ್ತದೆ. ‘ಬೊಡ್ಚಿ’ ಹೇಗೆ ತೋರಿಸುತ್ತದೆ. ಯಾವ ಸದ್ದಿಗೆ ಕಿವಿ ಮುಚ್ಚುತ್ತದೆ. ಎಷ್ಟು ಸೆಕೆಂಡು ಕಾಯಬೇಕು. ಯಾವ ಮಾತ್ರೆ, ಎಷ್ಟು ಗಂಟೆಗೆ. ಬರೆಯುವಾಗ ಈಗ ಎಲ್ಲಿ ಹಿಡಿಯುತ್ತಿದ್ದೇವೆ, ಮಣಿಕಟ್ಟೋ ಮೊಣಕೈಯೋ. ಈ ಕೊನೆಯದನ್ನು ಬರೆಯದಿದ್ದರೆ ಹೊಸ ಟೀಚರ್ ಮತ್ತೆ ಬೆರಳಿನಿಂದಲೇ ಹಿಡಿಯಲು ಶುರು ಮಾಡುತ್ತಾರೆ.