ಮುತ್ತಮ್ಮನವರ ಅರ್ಜಿ ವಜಾ ಆಗಿತ್ತು

ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರ ಹೆಸರು ನಮ್ಮಲ್ಲಿ ಉಳಿದಿರುವುದು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಯಾರು? ನಾಲ್ಕು ಆಯ್ಕೆಗಳಲ್ಲಿ ಅವರ ಹೆಸರಿಗೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಇನ್ನೂ ಸ್ವಲ್ಪ ತಿಳಿದವರು "ಸರ್ಕಾರದ ಮೇಲೆ ಕೇಸು ಹಾಕಿ ಗೆದ್ದ ದಿಟ್ಟೆ" ಅಂತ ಮಹಿಳಾ ದಿನಾಚರಣೆಗೆ ಅವರ ಫೋಟೋ ಹಾಕುತ್ತಾರೆ. ಆ ತೀರ್ಪು ಬಹಳ ದೊಡ್ಡದೇನಲ್ಲ, ಒಂದೇ ಸಲಕ್ಕೆ ಕೂತು ಓದಿ ಮುಗಿಸಬಹುದು. ಓದಿ ನೋಡಿ. ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿತ್ತು. ಯಾಕೆ ವಜಾ ಆಯಿತು ಅನ್ನುವುದು ಗೊತ್ತಾಗದೆ ಈ ಹೆಣ್ಣುಮಗಳು ಏನು ಮಾಡಿದರು ಅನ್ನುವುದು ಗೊತ್ತಾಗುವುದಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1924ರಲ್ಲಿ. ಒಂಬತ್ತನೇ ವಯಸ್ಸಿಗೇ ತಂದೆ ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಿಯೇ ತೀರಬೇಕು ಅಂತ ತಾಯಿ ಹಟ ಹಿಡಿದರು. ಮಡಿಕೇರಿಯ ಸೇಂಟ್ ಜೋಸೆಫ್ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. 1948ರಲ್ಲಿ ಯುಪಿಎಸ್‌ಸಿ ಪರೀಕ್ಷೆ ಪಾಸು ಮಾಡಿ, 1949ರಲ್ಲಿ ಸೇವೆಗೆ ಸೇರಿದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿತ್ತು, ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ.

ಬಾಗಿಲಲ್ಲೇ ತಡೆ. ಸಂದರ್ಶನದಲ್ಲಿ ಆಯೋಗದ ಅಧ್ಯಕ್ಷರೇ ವಿದೇಶಾಂಗ ಸೇವೆ ನಿಮಗೆ ಬೇಡ ಅಂತ ಮನಸ್ಸು ಬದಲಿಸಲು ನೋಡಿದರು, ಮೌಖಿಕ ಪರೀಕ್ಷೆಯಲ್ಲಿ ತನ್ನ ಪ್ರಭಾವ ಬಳಸಿಯೇ ಕನಿಷ್ಠ ಅಂಕ ಕೊಡಿಸಿದೆ ಅಂತ ಆಮೇಲೆ ಅವರೇ ಹೇಳಿದರು ಎಂದು ಮುತ್ತಮ್ಮ ತಮ್ಮ ಅರ್ಜಿಯಲ್ಲಿ ಬರೆದಿದ್ದಾರೆ. ಇಷ್ಟಾದರೂ ಆಯ್ಕೆಯಾದಾಗ ಒಂದು ಮುಚ್ಚಳಿಕೆ ಬರೆಸಿಕೊಂಡರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ.

ಇಲ್ಲಿ ಇನ್ನೊಂದು ಸಂಗತಿ ಪಕ್ಕಕ್ಕಿಟ್ಟು ನೋಡಬೇಕು. ವಿಜಯಲಕ್ಷ್ಮಿ ಪಂಡಿತ್ 1947ರಲ್ಲೇ ಮಾಸ್ಕೋಗೆ ಭಾರತದ ರಾಯಭಾರಿಯಾಗಿ ಹೋಗಿದ್ದರು, 1949ರಲ್ಲಿ ವಾಷಿಂಗ್ಟನ್ನಿಗೆ. ಅಂದರೆ ಹೆಂಗಸೊಬ್ಬಳು ರಾಯಭಾರಿ ಆಗಬಲ್ಲಳೋ ಇಲ್ಲವೋ ಅನ್ನುವ ಅನುಮಾನವೇ ಆಗ ದೆಹಲಿಯಲ್ಲಿ ಇರಬೇಕಾದ ಕಾರಣ ಇರಲಿಲ್ಲ. ಪಂಡಿತರ ಯೋಗ್ಯತೆಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಮುಂದೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಅಧ್ಯಕ್ಷರಾದವರು. ಆದರೆ ಪ್ರಧಾನಿ ನೆಹರೂ ಅವರ ತಂಗಿಗೆ ಯಾರೂ ಮುಚ್ಚಳಿಕೆ ಕೇಳಲಿಲ್ಲ. ಕೊಡಗಿನಿಂದ ಬಂದು, ಪರೀಕ್ಷೆ ಬರೆದು, ತನ್ನ ಅಂಕದ ಬಲದ ಮೇಲೆ ಒಳಗೆ ಬಂದ ಹುಡುಗಿಗೆ ಕೇಳಿದರು. ರಾಜಕೀಯ ನೇಮಕಾತಿಗೂ ಸೇವೆಯ ಮೆಟ್ಟಿಲು ಹತ್ತಿ ಬರುವುದಕ್ಕೂ ಇದ್ದ ಅಂತರ ಇಷ್ಟು.

ಮುಚ್ಚಳಿಕೆಯ ಕಥೆ ಅಲ್ಲಿಗೇ ಮುಗಿದಿದ್ದರೆ ಹಳೆಯ ಕಾಲದ ಬುದ್ಧಿ ಅಂತ ಬಿಡಬಹುದಿತ್ತು. 1961ರಲ್ಲಿ, ಸಂವಿಧಾನ ಬಂದು ಹನ್ನೊಂದು ವರ್ಷ ಆದ ಮೇಲೆ, ಅದನ್ನು ಕೂತು ನಿಯಮವಾಗಿ ಬರೆದರು. ನಡತೆ ಮತ್ತು ಶಿಸ್ತಿನ ನಿಯಮಗಳ 8(2)ರ ಪ್ರಕಾರ ಸೇವೆಯಲ್ಲಿರುವ ಹೆಂಗಸು ಮದುವೆಗೆ ಮುಂಚೆ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಯಾವಾಗ ಬೇಕಾದರೂ, ಆಕೆಯ ಮನೆ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾಗುವ ಸಂಭವ ಇದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಮನಿಸಿ, ಅಡ್ಡಿ ಆಗಿರಬೇಕಾಗಿಲ್ಲ. ಆಗಬಹುದು ಅಂತ ಅನ್ನಿಸಿದರೆ ಸಾಕು. ನೇಮಕಾತಿ ನಿಯಮಗಳ 18(4) ಇನ್ನೂ ನೇರ: ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ.

ನಾವೊಬ್ಬರೇ ಹೀಗಿದ್ದೆವು ಅಂತಲ್ಲ. ಬ್ರಿಟನ್ 1946ರಲ್ಲಿ ಹೆಂಗಸರಿಗೆ ರಾಜತಾಂತ್ರಿಕ ಸೇವೆ ತೆರೆದರೂ ಮದುವೆಯಾದರೆ ಕೆಲಸ ಬಿಡಬೇಕಿತ್ತು. ಅದು ಹೋದದ್ದು 1970ರ ದಶಕದಲ್ಲಿ. ಅಮೆರಿಕದ್ದೂ ಹೆಚ್ಚುಕಡಿಮೆ ಅದೇ ಹಣೆಬರಹ. ಆದರೆ ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವ 14ನೇ ವಿಧಿಯ ಜೊತೆಗೆ, ಸರ್ಕಾರಿ ನೌಕರಿಯಲ್ಲಿ ಹೆಣ್ಣು ಗಂಡು ಭೇದ ಕೂಡದು ಅನ್ನುವ 16ನೇ ವಿಧಿಯನ್ನೂ ಆ ದೇಶಗಳು ನಮ್ಮ ಹಾಗೆ ಸಂವಿಧಾನದಲ್ಲಿ ಬಿಡಿಸಿ ಬರೆದುಕೊಂಡಿರಲಿಲ್ಲ. ನಾವು ಬರೆದುಕೊಂಡೂ ಹೀಗೆ ಮಾಡಿದೆವು ಅನ್ನುವುದು ನನಗೆ ಹೆಚ್ಚು ನೋವಿನ ವಿಷಯ.

ಈ ನಿಯಮಗಳ ಹಿಂದೆ ಇನ್ನೊಂದು ಲೆಕ್ಕ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಾಯಭಾರಿಯ ಕೆಲಸ ಕಚೇರಿಯ ಮೇಜಿನ ಮೇಲೆ ಮುಗಿಯುವುದಿಲ್ಲ. ಹೋದ ದೇಶದ ಮುಖ್ಯಸ್ಥರಿಗೆ ಅಧಿಕಾರಪತ್ರ ಒಪ್ಪಿಸಿದ ದಿನದಿಂದ ಆ ಮನೆಯೇ ಒಂದು ಕಚೇರಿ. ಸಂಜೆ ಊಟಕ್ಕೆ ಕರೆದ ಮಂತ್ರಿ, ಪತ್ರಕರ್ತ, ಬೇರೆ ದೇಶದ ರಾಯಭಾರಿ ಇವರ ಜೊತೆ ಆಡಿದ ಮಾತಿನಲ್ಲಿ ಹೆಕ್ಕಿದ್ದು ರಾತ್ರಿ ಸಂದೇಶವಾಗಿ ದೆಹಲಿಗೆ ಹೋಗುತ್ತದೆ. ಗಂಡಸು ರಾಯಭಾರಿಯಾದರೆ ಆ ಊಟದ ಪಟ್ಟಿ, ಯಾರ ಪಕ್ಕ ಯಾರು ಕೂರಬೇಕು, ಯಾರಿಗೆ ಮಾಂಸ ಆಗದು, ಯಾರ ಹೆಂಡತಿಯ ಆರೋಗ್ಯ ಸರಿಯಿಲ್ಲ, ಇವೆಲ್ಲ ಆತನ ಹೆಂಡತಿಯ ಪಾಲು. ಒಂದು ಸಂಬಳಕ್ಕೆ ಸರ್ಕಾರಕ್ಕೆ ಇಬ್ಬರು ಸಿಗುತ್ತಿದ್ದರು. ಮುತ್ತಮ್ಮನವರ ಮನೆಯಲ್ಲಿ ಆ ಎರಡನೆಯ ಮನುಷ್ಯ ಇರಲಿಲ್ಲ. ಅವರು ಮದುವೆಯಾಗಲೇ ಇಲ್ಲ. ಪ್ಯಾರಿಸ್, ರಂಗೂನ್, ಲಂಡನ್‌ಗಳಲ್ಲಿ, ದೆಹಲಿಯ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳಲ್ಲಿ ಕೆಲಸ ಮಾಡಿ, 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದರು. ಸೇವೆಯೊಳಗಿನಿಂದಲೇ ಮೇಲೇರಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿನ ಬೀದಿಗಿಳಿದು ಆಗಿನ್ನೂ ಹದಿನಾಲ್ಕು ವರ್ಷ. ಇಂಥ ಊರಿನಲ್ಲಿ ಭಾರತದ ಪರವಾಗಿ ಒಂದೊಂದು ಮಾತನ್ನೂ ತೂಗಿ ಆಡುವ ಕೆಲಸ. ಆಮೇಲೆ ಘಾನಾದ ಅಕ್ರಾ, ಕೊನೆಗೆ ನೆದರ್‌ಲ್ಯಾಂಡ್ಸ್‌ನ ದಿ ಹೇಗ್.

ಇಷ್ಟೆಲ್ಲ ಆದ ಮೇಲೆ, ಗ್ರೇಡ್ ಒಂದಕ್ಕೆ ಬಡ್ತಿ ಕೊಡುವ ಹೊತ್ತಿಗೆ, ಸಾಕಷ್ಟು ಅರ್ಹತೆ ಇಲ್ಲ ಅಂತ ಹಿಂದಕ್ಕೆ ಸರಿಸಿದರು. ಕಿರಿಯರು ಮೇಲೆ ಹೋದರು. ಸರ್ಕಾರಿ ನೌಕರಿ ಮಾಡಿದವರಿಗೆ ಇದರ ಉರಿ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆ ತನಕ ನಮ್ಮ ಟಿಪ್ಪಣಿ ತಿದ್ದಿಸಿಕೊಂಡವನು ಇವತ್ತು ನಮ್ಮ ಸಿ.ಆರ್., ಅಂದರೆ ನಮ್ಮ ಕೆಲಸದ ಗೋಪ್ಯ ವರದಿ, ಬರೆಯುತ್ತಾನೆ.

ಮುತ್ತಮ್ಮ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಸೇವೆಯಲ್ಲಿ ಇದ್ದುಕೊಂಡೇ. ಬಡ್ತಿ ಕೊಡಿ ಅಂತ ಮಾತ್ರ ಕೇಳಿದ್ದರೆ ಅದೊಂದು ನೌಕರಿ ತಕರಾರು ಆಗಿ ಮುಗಿದುಹೋಗುತ್ತಿತ್ತು. ಅವರು ನಿಯಮಗಳನ್ನೇ ಎತ್ತಿ ಕೋರ್ಟಿನ ಮುಂದಿಟ್ಟರು. ಇಡೀ ವ್ಯವಸ್ಥೆ ಹೆಂಗಸರ ವಿರುದ್ಧ ಹಗೆಯಿಂದ ನಡೆದುಕೊಳ್ಳುತ್ತಿದೆ ಅಂತ ಬರೆದರು.

ರಾಯಭಾರಿ ಅಂದಮೇಲೆ ಸರ್ಕಾರದ ಬಾಯಿ, ಅವರು ಸರ್ಕಾರದ ವಿರುದ್ಧವೇ ಕಟಕಟೆ ಹತ್ತಿದ್ದು ತಪ್ಪು ಅನ್ನುವವರನ್ನು ನಾನು ಕಂಡಿದ್ದೇನೆ. ಮನೆ ಮಾತು ಬೀದಿಗೆ ತರಬಾರದಿತ್ತಂತೆ. ನಾನು ಇದನ್ನು ಒಪ್ಪುವುದಿಲ್ಲ. ಹೊರದೇಶದಲ್ಲಿ ರಾಯಭಾರಿ ಎತ್ತಿ ಹಿಡಿಯಬೇಕಾದದ್ದು ಭಾರತ ಗಣರಾಜ್ಯವನ್ನು, ಅದರ ಸಂವಿಧಾನವನ್ನು. ಆ ಸಂವಿಧಾನದ 32ನೇ ವಿಧಿ ಪ್ರಜೆಗೆ ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಹಕ್ಕು ಕೊಟ್ಟಿದೆ. ಅದನ್ನು ಬಳಸಿದ್ದು ದೇಶಕ್ಕೆ ಮಾಡಿದ ಅವಮಾನ ಹೇಗಾಗುತ್ತದೆ? ನನ್ನ ಪ್ರಕಾರ ಮುತ್ತಮ್ಮನವರು ಈ ದೇಶಕ್ಕಾಗಿ ಮಾಡಿದ ಅತಿ ದೊಡ್ಡ ರಾಯಭಾರ ಈ ಅರ್ಜಿಯೇ.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಸರ್ಕಾರ ಎಚ್ಚೆತ್ತಿತು. ಕೆಲವೇ ತಿಂಗಳ ಹಿಂದೆ ಅರ್ಹತೆ ಸಾಲದು ಅಂದವರಿಗೇ ಈಗ ಅರ್ಹತೆ ಕಂಡಿತು, ಬಡ್ತಿ ಬಂತು. 18(4)ನ್ನು ತೆಗೆದುಹಾಕಿದ್ದೇವೆ, 8(2)ನ್ನು ತೆಗೆಯುತ್ತಿದ್ದೇವೆ ಅಂತ ಕೋರ್ಟಿಗೆ ಹೇಳಿದರು. ಇನ್ನು ಕೊಡಿಸುವುದಕ್ಕೆ ಏನು ಉಳಿಯಿತು? ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ. ಆದರೆ ಪೀಠದಲ್ಲಿ ಇದ್ದವರು ವಿ.ಆರ್. ಕೃಷ್ಣ ಅಯ್ಯರ್. ಈ ಕಥೆ ಕೇಳಿದರೆ 14 ಮತ್ತು 16ನೇ ವಿಧಿಗಳು ನಿಜವೋ ಪುರಾಣವೋ ಅನ್ನಿಸುತ್ತದೆ ಅಂತಲೇ ಅವರು ತೀರ್ಪು ಶುರು ಮಾಡುತ್ತಾರೆ. ಹೆಂಗಸು ಮದುವೆಗೆ ಅನುಮತಿ ಕೇಳಬೇಕಾದರೆ ಗಂಡಸು ಮದುವೆಯಾದಾಗಲೂ ಸರ್ಕಾರಕ್ಕೆ ಅದೇ ಅಪಾಯ ಇದೆಯಲ್ಲ ಅಂತ ಕೇಳುತ್ತಾರೆ. ಕೊನೆಗೆ, ಅರ್ಜಿಯನ್ನು ವಜಾ ಮಾಡುತ್ತೇವೆ, ಸಮಸ್ಯೆಯನ್ನಲ್ಲ ಅನ್ನುತ್ತಾರೆ. ಮುತ್ತಮ್ಮನವರ ಸೇವಾ ಜ್ಯೇಷ್ಠತೆಯ (ಸೀನಿಯಾರಿಟಿ) ವಿಷಯವನ್ನು ಮರುಪರಿಶೀಲಿಸಿ ಅಂತ ಸರ್ಕಾರಕ್ಕೆ ಹೇಳಿದರು.

ನನಗೆ ಈ ತೀರ್ಪಿನ ಮೇಲೆ ತುಂಬ ಗೌರವ ಇದೆ, ಒಂದು ತಕರಾರೂ ಇದೆ. ಎಲ್ಲ ಉದ್ಯೋಗದಲ್ಲೂ ಎಲ್ಲ ಸಂದರ್ಭದಲ್ಲೂ ಹೆಣ್ಣು ಗಂಡು ಸಮಾನ ಅಂತ ನಾವು ಹೇಳುತ್ತಿಲ್ಲ, ಕೆಲವು ಕೆಲಸಗಳ ಸ್ವರೂಪಕ್ಕೆ ತಕ್ಕಂತೆ ವ್ಯತ್ಯಾಸ ಬೇಕಾಗಬಹುದು ಅಂತ ಅದರಲ್ಲೇ ಒಂದು ಮಾತಿದೆ. ವ್ಯತ್ಯಾಸವನ್ನು ತೋರಿಸಿಕೊಡಬೇಕು ಅಂತ ಷರತ್ತು ಇಟ್ಟಿದ್ದಾರೆ ನಿಜ, ಆದರೂ ಕದ ಪೂರ್ತಿ ಮುಚ್ಚಲಿಲ್ಲ. ಇದಾಗಿ ಒಂಬತ್ತು ವರ್ಷಕ್ಕೆ, 1988ರಲ್ಲಿ, ಸೇನೆಯ ನರ್ಸಿಂಗ್ ಸೇವೆಯ ಒಬ್ಬ ಅಧಿಕಾರಿಯನ್ನು ಮದುವೆಯಾದ ಕಾರಣಕ್ಕೆ ಮನೆಗೆ ಕಳಿಸಿದರು. ಆಕೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಫೆಬ್ರವರಿಯಲ್ಲಿ. ವಯಸ್ಸೆಲ್ಲ ಕಳೆದ ಮೇಲೆ. 2020ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ ಕೊಡುವ ಕೇಸಿನಲ್ಲಿ ಸರ್ಕಾರ ಮುಂದಿಟ್ಟ ವಾದಗಳಲ್ಲೂ ಬಸಿರು, ತಾಯ್ತನ, ಸಂಸಾರದ ಹೊಣೆ ಇದ್ದವು. 1961ರ ನಿಯಮದ ಸಾಲುಗಳೇ ಎದ್ದು ಬಂದು ನಿಂತ ಹಾಗಿತ್ತು.

ಖಾಸಗಿ ಕಂಪನಿಗಳಲ್ಲಿ ನಿಯಮ ಬರೆಯುವುದೂ ಇಲ್ಲ. ನನ್ನ ಅಕ್ಕನ ಮಗಳಿಗೆ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನದಲ್ಲಿ, "ಮದುವೆ ಪ್ಲ್ಯಾನ್ ಏನಮ್ಮ, ಈ ವರ್ಷವಾ ಮುಂದಿನ ವರ್ಷವಾ?" ಅಂತ ನಗುನಗುತ್ತ ಕೇಳಿದರಂತೆ. ಅವಳ ಜೊತೆ ಹೋಗಿದ್ದ ಹುಡುಗನಿಗೆ ಕೇಳಿದ್ದು ಕೋಡಿಂಗ್ ಬಗ್ಗೆ ಮಾತ್ರ.

ವಿದೇಶಾಂಗ ಸೇವೆಯ ಮಟ್ಟಿಗೆ ಬಾಗಿಲು ನಿಜವಾಗಿಯೂ ತೆರೆಯಿತು. 2001ರಲ್ಲಿ ಚೊಕಿಲಾ ಅಯ್ಯರ್, 2009ರಲ್ಲಿ ನಿರುಪಮಾ ರಾವ್, 2013ರಲ್ಲಿ ಸುಜಾತಾ ಸಿಂಗ್ ವಿದೇಶಾಂಗ ಕಾರ್ಯದರ್ಶಿಗಳಾದರು. ಮುತ್ತಮ್ಮನವರಿಗೆ ಆ ಕುರ್ಚಿ ಸಿಗಲಿಲ್ಲ. 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಪ್ರಧಾನಿಯಾಗಿದ್ದ ಓಲೋಫ್ ಪಾಮೆ ಅವರ ಅಧ್ಯಕ್ಷತೆಯಲ್ಲಿ ನಿಶ್ಶಸ್ತ್ರೀಕರಣದ ಬಗ್ಗೆ ಕೂತ ಸ್ವತಂತ್ರ ಆಯೋಗದಲ್ಲಿ ಭಾರತದಿಂದ ಹೋದ ಸದಸ್ಯೆ ಅವರು. ಅಣ್ವಸ್ತ್ರಗಳ ವಿಷಯ ಮಾತಾಡುವ ಮೇಜಿಗೆ ಕರೆಸಿಕೊಳ್ಳುವಷ್ಟು ಯೋಗ್ಯತೆ ಇದ್ದ ಮನುಷ್ಯರಿಗೆ ಬಡ್ತಿಗೆ ಅರ್ಹತೆ ಸಾಲದು ಅಂದಿದ್ದರು ಅನ್ನುವುದು ನೆನಪಿರಲಿ. ಕೊಡವರ ಅಡುಗೆಯ ಬಗ್ಗೆಯೂ ಬರೆದರು, ದೇಶದ ಆಡಳಿತ ಯಾಕೆ ಕೆಟ್ಟಿದೆ ಅಂತಲೂ ಬರೆದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಇವತ್ತು ಮ್ಯೂಸಿಯಂ ಆಗಿದೆ, ಬಹಳ ಸಂತೋಷ. ಮುತ್ತಮ್ಮನವರ ತೀರ್ಪನ್ನು ನಮ್ಮ ಪಿಯುಸಿ ರಾಜ್ಯಶಾಸ್ತ್ರದ ಮಕ್ಕಳು ಕನ್ನಡದಲ್ಲಿ ಇಡಿಯಾಗಿ ಓದುವಂತೆ ಆಗಲಿ ಅನ್ನುವುದು ನನ್ನ ಆಸೆ. ಸಂಬಂಧಪಟ್ಟವರು ಇದನ್ನು ಓದಿದರೆ ದಯವಿಟ್ಟು ಯೋಚಿಸಿ. ಕೊಡಗಿನಲ್ಲೋ ಬೆಂಗಳೂರಿನಲ್ಲೋ ಅವರನ್ನು ಕಂಡು ಮಾತಾಡಿದವರು, ಅವರ ಕೈಕೆಳಗೆ ಕೆಲಸ ಮಾಡಿದವರು ಇದ್ದರೆ ನಿಮ್ಮ ನೆನಪುಗಳನ್ನು ಬರೆಯಿರಿ. ಹೆಸರು, ಇಸವಿಗಳು ಗೈಡಿನಲ್ಲಿ ಸಿಗುತ್ತವೆ. ಅವರು ಹೇಗೆ ಮಾತಾಡುತ್ತಿದ್ದರು, ಕೇಸಿನ ದಿನಗಳಲ್ಲಿ ಅವರ ಜೊತೆ ಯಾರು ನಿಂತರು, ಯಾರು ಮುಖ ತಿರುಗಿಸಿದರು ಅನ್ನುವುದನ್ನು ಕಂಡವರೇ ಹೇಳಬೇಕು.